ಏನ್ ಗತಿ ಅಂಕಲ್

ನೀವು ನಂಬಲ್ಲ ಬಿಡಿ, ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಒಬ್ರು ಪಕ್ಕಾ ಸ್ಪೈ ಇದ್ರು. ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಹಾಸನದ ಅಂಕಲ್. ನೀರಿನ ಪಂಪ್, ಟ್ರಾನ್ಸ್‌ಫಾರ್ಮರ್, ಲಿಫ್ಟ್, ಏನು ಕಂಡ್ರೂ ಕಿವಿ ಮೇಲಿನ ಪೆನ್ ತೆಗೆದು, "ಇದು ಹೋದ್ರೆ ಏನ್ ಗತಿ?" ಅಂತ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳೋರು. ಗೋಲ್‌ಗಪ್ಪಾ ಭಯ್ಯಾನ ಪುದೀನಾ ನೀರಿಗೂ ಅದೇ ಪ್ರಶ್ನೆ!

ಒಂದಿನ ಲಿಫ್ಟಲ್ಲಿ ಫೋನಲ್ಲಿ ಹೇಳ್ತಿದ್ರು: "ಎರಡು ಪಂಪ್ ಹೋದ್ರೆ ಸಾಕು, ಇಡೀ ಸೊಸೈಟಿ ಬಾಯಿ ಬಾಯಿ ಬಿಡುತ್ತೆ. ಗೈಡ್ ಹೂಂ ಅಂದ್ರೆ ನಾಳೇನೇ ಫೈನಲ್."

ಗೈಡ್ ಅಂದ್ರೆ ಗಡಿಯಾಚೆ ಕೂತಿರೋ ಬಾಸ್ ತಾನೇ? ಓಡಿಹೋಗಿ ಗಾರ್ಡ್ ಭಯ್ಯಾಗೆ ಹೇಳ್ದೆ. ಅವನು ಅಂಕಲ್ ಕೈಯಿಂದ ಆ ನೋಟ್‌ಬುಕ್ ಕಿತ್ಕೊಂಡು, ಬೀರುವಲ್ಲಿಟ್ಟು ಬೀಗ ಹಾಕಿದ.

"ಅಯ್ಯೋ ಮರಿ, ಅದು ನನ್ನ ಐದು ವರ್ಷದ ಪಿಎಚ್‌ಡಿ! ನಾಳೆ ಗೈಡ್‌ಗೆ ತೋರಿಸ್ಬೇಕು. ಕರೆಂಟು, ನೀರು ಕೈಕೊಡದ ಹಾಗೆ ಕಾಪಾಡೋದು ಹೇಗೆ ಅಂತ ಬರೀತಿರೋದು!"

"ಅಚ್ಛಾ? ಸ್ಪೈಗಳೆಲ್ಲ ಹಂಗೇ ಅನ್ನೋದು," ಅಂದೆ, ಮೊಬೈಲಲ್ಲಿ ವಿಡಿಯೊ ಮಾಡ್ತಾ.

ಅಷ್ಟರಲ್ಲಿ ಸೊಸೈಟಿ ಸೆಕ್ರೆಟರಿ ಬಂದ್ರು. ಅಂದ್ರೆ ನಮ್ಮಪ್ಪ.

"ಪಂಪ್ ನೋಡೋಕೆ ಪರ್ಮಿಷನ್ ಕೊಟ್ಟಿದ್ದೇ ನಾನು ಕಣೋ!"

ನೋಟ್‌ಬುಕ್ ಅಂಕಲ್ ಕೈಗೆ ಹೋಯ್ತು, ನನ್ನ ಮೊಬೈಲು ಅಪ್ಪನ ಜೇಬಿಗೆ. ಅಂಕಲ್ ಕಿವಿ ಮೇಲಿನ ಪೆನ್ ತೆಗೆದು, ಆ ಜೇಬನ್ನೇ ನೋಡ್ತಾ ನನ್ನ ಕೇಳಿದ್ರು:

"ಇದು ಹೋದ್ರೆ ಏನ್ ಗತಿ?"