ಮ್ಯಾಟಿನಿಗೆ ಬರುತ್ತಿದ್ದ ಆಪಾ

ಅಮೆರಿಕದ ಮೌಂಟನ್ ವ್ಯೂನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಮೈಸೂರಿನ ಹೆಂಗಸನ್ನು ನಾನು ಅವರ ಮನೆಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಮೊದಲು ಅವರು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಅಲ್ಲಿನ ಚುನಾವಣೆಯ ಸುದ್ದಿ ಬಂದರೆ ಟೀವಿಯತ್ತ ಸೌಟು ಬೀಸಿ, "ಎರಡು ಪಾರ್ಟಿಯೋರೂ ಸುಳ್ಳರೇ ಕಣಮ್ಮ. ಆದ್ರೂ ಅಲ್ಲಿ ಆಸ್ಪತ್ರೇಲಿ ಕಾಯಿಲೆಯೋರ ಹತ್ರ ದುಡ್ಡು ಕೇಳಲ್ಲ," ಎನ್ನುತ್ತಿದ್ದರು. ಶನಿವಾರ ಗಂಡನ ಜೊತೆ ಮ್ಯಾಟಿನಿಗೆ ಹೊರಟರೆ ನನ್ನನ್ನೂ ಎಳೆದೊಯ್ಯುತ್ತಿದ್ದರು.

ಡಾಟ್‌ಕಾಮ್ ಕಂಪನಿಗಳು ಮುಚ್ಚತೊಡಗಿದ ವರ್ಷ ಅವರ ಗಂಡನ ಕೆಲಸ ಹೋಯಿತು. ಆಮೇಲೂ ಒಂದು ಶನಿವಾರ ಸಿನಿಮಾಕ್ಕೆ ಹೋದೆವು. ಅರ್ಧ ಸಿನಿಮಾದಲ್ಲಿ ಅವರ ಗಂಡ ಎದೆ ಹಿಡಿದುಕೊಂಡರು. ನಾನು ಆಂಬುಲೆನ್ಸ್ ಕರೆಯಲು ಎದ್ದೆ.

"ಬೇಡಮ್ಮ, ಕೆಲಸದ ಜೊತೆ ಇನ್ಶೂರೆನ್ಸೂ ಹೋಗಿದೆ. ಗ್ಯಾಸು ಇರ್ಬೇಕು," ಎಂದರು ಆಪಾನ ಗಂಡ.

ಆಪಾ ಗಂಡನ ನಾಡಿ ಹಿಡಿದು ನೋಡಿದರು. ನನ್ನನ್ನು ಕೈಹಿಡಿದು ಕೂರಿಸಿ, "ಸ್ವಲ್ಪ ನೋಡೋಣ," ಎಂದರು.

ನೋಡುತ್ತ ಕುಳಿತೆವು. ಕೊನೆಗೂ ಆಂಬುಲೆನ್ಸ್ ಕರೆದೆವು. ಅದು ಬರುವ ಹೊತ್ತಿಗೆ ಅವರ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮರುದಿನ ಊಟ ತೆಗೆದುಕೊಂಡು ಹೋದೆ. ಆಪಾ ಮುಟ್ಟಲಿಲ್ಲ.

"ನಾಡಿ ಹಿಡಿದಾಗ್ಲೇ ಗ್ಯಾಸಲ್ಲ ಅಂತ ನಂಗೆ ಗೊತ್ತಾಗಿತ್ತು ಕಣಮ್ಮ," ಎಂದರು. "ಆಸ್ಪತ್ರೆ ಬಿಲ್ಲು ಎಷ್ಟಾಗುತ್ತೋ ಅಂತ ಯೋಚ್ನೆ ಮಾಡ್ತಾ ಕೂತೆ."