ಶಾಲಿನೊಳಗಿನ ಕಂಬಳಿ

೧೯೭೪ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಚಿತ್ರದುರ್ಗದಿಂದ ಹೊರಟೆ. ಹಿರಿಯೂರಿನಲ್ಲಿ ಸಂಜೆ ಕಂಬಳಿ ಮೈಲಾರಪ್ಪನವರ ಪ್ರತಿಮೆಯ ಅನಾವರಣವಿತ್ತು. ಕುರಿ ಮೇಯುವ ಕಾವಲು ಭೂಮಿ ಉಳಿಸಲು ಹೋರಾಡಿ, ಮೂರು ವರ್ಷದ ಹಿಂದೆ ತೀರಿಕೊಂಡ ಮುಖಂಡರು ಅವರು. ಹೆದ್ದಾರಿಯಲ್ಲಿ ನೇರವಾಗಿ ಹೋಗಬಹುದಿತ್ತು. ಪ್ರತಿಮೆ ಮಾಡಿದ ಶಿಲ್ಪಿಯನ್ನು ಕಾಣಬೇಕೆಂದು ಹೊಳಲ್ಕೆರೆಯ ಬಸ್ಸು ಹತ್ತಿದೆ.

ಶಿಲ್ಪಿಯ ಕೊಟ್ಟಿಗೆಯ ತುಂಬ ಸಿಮೆಂಟಿನ ಧೂಳು. ಮೈಲಾರಪ್ಪನವರನ್ನು ಕಂಬಳಿಯಿಲ್ಲದೆ ಕಂಡವರೇ ಇಲ್ಲವಾದ್ದರಿಂದ ತಾನು ಮೊದಲು ಕಂಬಳಿ ಹೊದ್ದಂತೆಯೇ ಮಾಡಿದ್ದೆ ಎಂದರು. ಸಮಿತಿಯವರು ಬಂದು ನೋಡಿ, ಕಂಬಳಿ ಬೇಡ, ಶಾಲು ಇರಲಿ ಎಂದರಂತೆ. ಪೂರ್ತಿ ಒಡೆಯಲು ಆಗಲಿಲ್ಲ. ಕಂಬಳಿಯ ಮೇಲೆಯೇ ತೆಳ್ಳಗೆ ಗಾರೆ ಬಳಿದು, ಶಾಲಿನ ನೆರಿಗೆ ಎಳೆದು, ಅಂಚಿಗೆ ಬಂಗಾರದ ಬಣ್ಣ ಹಚ್ಚಿದ್ದರು. ಎಡ ಹೆಗಲು ಕೊಂಚ ದಪ್ಪವಾಯಿತು, ಅಷ್ಟೆ ಎಂದರು.

ಹೊಳಲ್ಕೆರೆಯಿಂದ ಹೊಸದುರ್ಗದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕುಳಿತರು. ತೊಡೆಯ ಮೇಲೆ ಮಡಿಸಿದ ಕರಿಯ ಕಂಬಳಿ. ಕಂಡಕ್ಟರು, ಈ ಬಿಸಿಲಿಗೆ ಕಂಬಳಿ ಯಾಕವ್ವ, ಅದಕ್ಕೂ ಟಿಕೆಟ್ ತಗೊಳ್ತೀಯ ಎಂದು ನಗೆಯಾಡಿದ.

"ಇದ್ರಾಗೆ ನಮ್ಮಣ್ಣ ಅವ್ನೆ. ಇಬ್ರಿಗೂ ಕೊಡಪ್ಪ" ಎಂದರು.

ಅವನು ನಕ್ಕು ಒಂದನ್ನೇ ಹರಿದ. ಅವರು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಇನ್ನೊಂದು ಅರ್ಧ ಟಿಕೆಟ್ ಕೊಟ್ಟ.

ಅವರು ಕರಿಯಮ್ಮ, ಮೈಲಾರಪ್ಪನವರ ತಂಗಿ. ಹೊರಕೆರೆದೇವಪುರದ ಕಡೆ ಮದುವೆಯಾಗಿ ಬಂದವರು. ನಾನು ಶಾಲೆಯ ಮೇಷ್ಟರೆಂದು ತಿಳಿದ ಮೇಲೆ ಮಾತಾಡಿದರು. ಅವರ ಮನೆಯಲ್ಲಿ ಸತ್ತವರ ಕಂಬಳಿಯನ್ನು ಬೇರೆಯವರು ಹೊದೆಯುವುದಿಲ್ಲ; ಗದ್ದುಗೆಯಾಗಿ ಹಾಸಿ ಕೈಮುಗಿಯುತ್ತಾರೆ. ಮೂರು ವರ್ಷ ಹಾಗೆ ಪೂಜಿಸಿದ್ದನ್ನು ಇಂದು ಅಣ್ಣನ ಹೆಗಲಿಗೇ ಹಾಕಿ ಬರಬೇಕು ಎಂದು ಹೊರಟಿದ್ದರು. ಶಿಲ್ಪಿಯ ಮಾತು ನನ್ನ ಬಾಯಿಂದ ಬರಲಿಲ್ಲ.

ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ನಾನು ಖಾರಮಂಡಕ್ಕಿ ತಿಂದೆ. ಅವರು ನೀರನ್ನಷ್ಟೇ ಕುಡಿದರು. ಮಾರಿಕಣಿವೆ ಜಲಾಶಯದ ನೀರು ತಳ ಸೇರಿತ್ತು. ಮುಂದೆ ದಾರಿಯುದ್ದಕ್ಕೂ ಬಿಸಿಗಾಳಿ.

ಹಿರಿಯೂರಿನಲ್ಲಿ ಪ್ರತಿಮೆಗೆ ಬಿಳಿ ಬಟ್ಟೆಯ ಮುಸುಕು ಹಾಕಿದ್ದರು. ಕಟ್ಟೆಯ ಮೆಟ್ಟಿಲು ಹೊಸತು. ಹಸಿ ಗಾರೆಗೆ ನೀರುಣಿಸಿದ್ದರಿಂದ ಸುತ್ತ ಕೆಸರು. ಸಮಿತಿಯ ಅಧ್ಯಕ್ಷರು ತೆಂಗಿನಕಾಯಿ ಮಂಡಿಯ ಸಾಹುಕಾರರು. ಕರಿಯಮ್ಮನವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರು. ಕಂಬಳಿಯನ್ನು ಅಣ್ಣನ ಹೆಗಲಿಗೆ ಹಾಕುತ್ತೇನೆಂದು ಅವರು ಕೇಳಿದಾಗ ಅಧ್ಯಕ್ಷರು ತಲೆ ತಗ್ಗಿಸಿದರು.

"ಕಂಬ್ಳಿ ಹಾಕಿದ್ರೆ ಒಂದೇ ಕುಲದ ಲೀಡ್ರು ಅಂತಾರೆ ಕಣವ್ವ. ಶಾಲು ಅಂದ್ರೆ ಎಲ್ಲಾರ್ದೂ ಆಗ್ತೈತೆ."

"ಇದ್ನ ಹೊದ್ಕಂಡೇ ಎಲ್ಲಾರ ಬಾಗ್ಲಿಗೂ ಹೋದ್ನಲ್ಲಪ್ಪ" ಎಂದರು ಕರಿಯಮ್ಮ.

ತನ್ನೊಬ್ಬನ ಮಾತಲ್ಲ ಎಂದು ಹೇಳಿ ಅಧ್ಯಕ್ಷರು ಅತಿಥಿಗಳನ್ನು ಎದುರುಗೊಳ್ಳಲು ಹೋದರು. ಕರಿಯಮ್ಮ ಎದ್ದು ಮೇಲಿನ ಮೆಟ್ಟಿಲಿಗೆ ನಡೆದರು. ಹೆಗಲಿಗೆ ಹಾಕಲು ಬಿಡದ ಕಂಬಳಿಯನ್ನು ಪ್ರತಿಮೆಯ ಪಾದದ ಬಳಿ ನಾಲ್ಕು ಮೂಲೆ ಸರಿಮಾಡಿ ಹಾಸಿ, ಕೈಮುಗಿದು ಬಂದು ಕುಳಿತರು. ಅದು ಗದ್ದುಗೆ. ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಅತಿಥಿಗಳು ಬಂದರು. ಕೆಸರು ದಾಟಿ ಮೆಟ್ಟಿಲು ಹತ್ತಿದ ಮೊದಲನೆಯವರು ಕಂಬಳಿ ನೋಡಿ, ಕಾಲೊರೆಸಲು ಹಾಸಿದ್ದೆಂದು ತಿಳಿದು, ಎರಡೂ ಚಪ್ಪಲಿ ನಿಧಾನವಾಗಿ ಉಜ್ಜಿಕೊಂಡರು. ಹಿಂದಿನವರೂ ಹಾಗೆಯೇ ಮಾಡಿದರು. ನಾನು ಏಳುವಷ್ಟರಲ್ಲಿ ಕರಿಯಮ್ಮ ನನ್ನ ಮುಂಗೈ ಹಿಡಿದರು. ಆ ಹಿಡಿತ ಇಂದಿಗೂ ನೆನಪಿದೆ. ಮುಸುಕು ಜಾರಿತು, ಚಪ್ಪಾಳೆ ಬಿತ್ತು.

ಜನ ಕರಗಿದ ಮೇಲೆ ಅವರು ಮೇಲೆ ಹೋಗಿ ಪ್ರತಿಮೆಯ ಎಡ ಹೆಗಲನ್ನು ಸವರಿದರು. ದಪ್ಪಗಿದ್ದಲ್ಲಿ ಕೈ ನಿಂತಿತು. ಆಗ ಶಿಲ್ಪಿ ಹೇಳಿದ್ದನ್ನು ಹೇಳಿದೆ. ಅವರು ಕಂಬಳಿಯನ್ನು ಎತ್ತಿ, ಕೊಡವದೆ, ಕೆಸರು ಒಳಗಾಗುವಂತೆ ಮಡಿಸಿದರು.

ಚಿತ್ರದುರ್ಗದ ಕಡೆಯ ಸಂಜೆ ಬಸ್ಸಿಗೆ ಇಬ್ಬರೂ ಹತ್ತಿದೆವು. ಕಿಟಕಿಯಿಂದ ತಿರುಗಿ ನೋಡಿದರೆ ಬಂಗಾರದ ಅಂಚು ಮಾತ್ರ ಕಾಣುತ್ತಿತ್ತು.

"ಎಲ್ಲಾರೂ ತುಳುದ್ರಲ್ಲ ಮೇಷ್ಟ್ರೇ" ಎಂದರು ಕರಿಯಮ್ಮ. "ಈಗ ಎಲ್ಲಾರ್ದೂ ಆತೇನು?"

ಕಂಡಕ್ಟರು ಬಂದು ಎಷ್ಟು ಎಂದು ಕೇಳಿದ. ಅವರು ಮಡಿಲಿನ ಕಂಬಳಿಯನ್ನೊಮ್ಮೆ ನೋಡಿದರು.

"ಒಂದೇ ಕೊಡಪ್ಪ."