ಕೌದಿ ಹೊದ್ದ ಆಂಪ್ಲಿಫೈಯರ್

ಇಲ್ಲ, ನಗಬೇಡಿ. ದಿಲಾವರನ ಗಾಡಿ ಯಾವಗಲ್ ಊರು ದಾಟುವಾಗ ನಮ್ಮ ಮನೆಯ ನೆಲುವಿನ ಮೇಲಿದ್ದ ಮೊಸರು ತಾನೇ ಕಡೆದುಕೊಂಡು ಬೆಣ್ಣೆಯಾಗುತ್ತಿತ್ತು ಎಂದು ನಾನು ಹೇಳಿದ್ದು ನಿಜ. ಬೇಕಾದರೆ ನನ್ನ ಹೆಂಡತಿ ರೇಣುಕವ್ವನನ್ನು ಕೇಳಿ. ಬೇಡ, ಕೇಳಬೇಡಿ, ಆಕೆ ಇಂಥ ವಿಷಯದಲ್ಲಿ ನನ್ನ ಪರವಾಗಿ ಎಂದೂ ಸಾಕ್ಷಿ ಹೇಳಿದವಳಲ್ಲ. ಬೆಣ್ಣೆಯನ್ನು ಬಿಟ್ಟುಬಿಡೋಣ. ಆ ಸದ್ದು ದೂರದ ಹೊಲಗಳಿಗೂ ಕೇಳುತ್ತಿತ್ತು ಎಂಬುದನ್ನಾದರೂ ಒಪ್ಪುತ್ತೀರೋ ಇಲ್ಲವೋ? ಅದನ್ನೂ ಒಪ್ಪದಿದ್ದರೆ ಮುಂದಿನ ಕಥೆ ನಡೆಯುವುದಿಲ್ಲ.

ದಿಲಾವರ ಸವಡಿಯವನು. ಕ್ಯಾಸೆಟ್ ಹೋಗಿ ಸಿಡಿ ಬರುತ್ತಿದ್ದ ಕಾಲದಲ್ಲಿ ರೋಣದಿಂದ ನರಗುಂದಕ್ಕೆ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ. ಆಳು ಎಷ್ಟು ತೆಳ್ಳಗೆಂದರೆ, ದೂರದಿಂದ ನೋಡಿದರೆ ಬರೀ ಟೋಪಿಯೊಂದು ಗಾಡಿ ಓಡಿಸಿಕೊಂಡು ಬಂದ ಹಾಗೆ ಕಾಣುತ್ತಿತ್ತು. ಮಾತೂ ಅಷ್ಟೇ ತೆಳ್ಳಗೆ. ರೋಣದಲ್ಲಿ "ಹತ್ರಿ" ಅಂದರೆ, ಅವನ ಮುಂದಿನ ಮಾತು ನರಗುಂದದಲ್ಲಿ "ಇಳೀರಿ". ಬೀಜದ ವ್ಯಾಪಾರಕ್ಕೆಂದು ನಾನು ಅವನ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ನಡುವಿನ ಮಾತನ್ನೆಲ್ಲ ನಾನು ನೋಡಿಕೊಳ್ಳುತ್ತಿದ್ದೆ.

ನಾನು ಸುಮ್ಮನಾದಾಗ ಮಾತಾಡುತ್ತಿದ್ದದ್ದು ಸೀಟಿನ ಕೆಳಗಿನ ಆಂಪ್ಲಿಫೈಯರ್. ಗಜೇಂದ್ರಗಡದಲ್ಲಿ ಲಗ್ನದ ಬ್ಯಾಂಡಿನವನೊಬ್ಬ ಧಂದೆ ಬಿಟ್ಟಾಗ ತಂದದ್ದು. ಮೈತುಂಬ ಅಲ್ಯೂಮಿನಿಯಂ ಹಲ್ಲುಗಳಿದ್ದ ದೊಡ್ಡ ಕಪ್ಪು ಪೆಟ್ಟಿಗೆ. ಹಾಡು ಯಾವುದೇ ಇರಲಿ, ಅದರ ಅಡಿಯಲ್ಲಿ ಗುಂಯ್ ಎನ್ನುವ ಒಂದು ಗೊಗ್ಗರು ದನಿ ಇದ್ದೇ ಇರುತ್ತಿತ್ತು. ಮೆಲುಕು ಹಾಕುವ ಎಮ್ಮೆಯೊಂದು ಎಲ್ಲ ಹಾಡುಗಾರರಿಗೂ ಸಾಥ್ ಕೊಟ್ಟಂತೆ.

ಆ ರಸ್ತೆಯ ಎರಡೂ ಕಡೆ ಕರಿನೆಲ. ನೆರಳಿಗೆ ಒಂದು ಗಿಡವಿಲ್ಲ. ಟ್ರ್ಯಾಕ್ಸ್‌ಗೆ ವೇಳೆ ಎಂಬುದೂ ಇಲ್ಲ, ತುಂಬಿದಾಗ ಹೊರಡುವುದು. ಹಾಗಾಗಿ ಕಳೆ ತೆಗೆಯುವ ಹೆಣ್ಣುಮಕ್ಕಳು ಸಂಜೆ ಆ ಗುಂಯ್ ಸದ್ದು ಕೇಳಿದ ಮೇಲೆಯೇ ಕಳೆಗುದ್ದಲಿ ಕಟ್ಟಿಕೊಂಡು ರಸ್ತೆಗೆ ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಡಿವೆವ್ವ. ವಯಸ್ಸಾದವಳು, ಎರಡೂ ಮೊಳಕಾಲು ಹಿಡಿದಿದ್ದವು. ಗಾಡಿ ಹಳ್ಳದ ಆಚೆ ಇರುವಾಗಲೇ ಸದ್ದು ಹಿಡಿದು ನಡೆಯಲು ಶುರು ಮಾಡಿದರೆ, ಅವಳು ರಸ್ತೆ ಮುಟ್ಟುವುದಕ್ಕೂ ಗಾಡಿ ಬರುವುದಕ್ಕೂ ಸರಿಹೋಗುತ್ತಿತ್ತು.

ಇನ್ನು ದಿಲಾವರನ ಹೆಂಡತಿ ಮೆಹನಾಜ. ಹಳೇ ಸೀರೆ ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಸವಡಿಯಲ್ಲಿ ಇರಲಿಲ್ಲ. ಕರಿಮಣ್ಣಿನ ಧೂಳು ಎಂದರೆ ಅವಳಿಗೆ ಹಗೆ. ಟಿವಿಗೆ ಕೌದಿ, ಹೊಲಿಗೆ ಮಷಿನ್ನಿಗೆ ಕೌದಿ, ನೀರಿನ ಕೊಡಕ್ಕೆ ಕೌದಿ. ನಾನೊಮ್ಮೆ ಅವರ ಕಟ್ಟೆಯ ಮೇಲೆ ನಿದ್ದೆ ಹೋಗಿ ಎದ್ದು ನೋಡಿದರೆ ನನಗೂ ಅಳತೆ ತೆಗೆದಿದ್ದಳು. ಅಂಥವಳು ಆಂಪ್ಲಿಫೈಯರನ್ನು ಬಿಟ್ಟಾಳೆಯೇ? ಕೂಸಿಗೆ ಕುಲಾವಿ ಹೊಲಿದಂತೆ, ಹಲ್ಲೊಂದೂ ಕಾಣದ ಹಾಗೆ ಬಿಗಿಯಾಗಿ ನಾಲ್ಕು ಪದರದ ಕೌದಿ ಹೊಲಿದು ತೊಡಿಸಿದಳು. ನೋಡಿದವರೆಲ್ಲ ಹೊಗಳಿದರು. ನಾನೂ ಹೊಗಳಿದೆ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಸೀಟಿನ ಕೆಳಗಿನಿಂದ ಹಪ್ಪಳ ಕರಿದ ವಾಸನೆ ಬಂತು, ಆಮೇಲೆ ಹೊಗೆ. ಜನ ಹಾರಿದರು. ಜಕ್ಕಲಿಯ ಒಬ್ಬ ಪೈಲ್ವಾನ ಗಾಬರಿಯಲ್ಲಿ ಹಿಂದಿನ ಬಾಗಿಲನ್ನೇ ಕಿತ್ತು ಕಂಕುಳಲ್ಲಿಟ್ಟುಕೊಂಡು ಓಡಿದ. ಆಯಿತು, ಕಿತ್ತಿರಲಿಕ್ಕಿಲ್ಲ, ತೆರೆದಿರಬಹುದು. ಆದರೆ ಆಂಪ್ಲಿಫೈಯರ್ ಸುಟ್ಟದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಮರುದಿನ ಗಾಡಿ ಮೂಕವಾಗಿ ಓಡಿತು. ಹಾರ್ನು ಹೊಡೆದರೆ ಹೊಲದವರು ಲಾರಿ ಎಂದುಕೊಂಡರು. ಅಡಿವೆವ್ವ ಎದ್ದು ನೋಡುವಷ್ಟರಲ್ಲಿ ಟ್ರ್ಯಾಕ್ಸ್ ಅವಳ ಊರು ಯಾವಗಲ್ ಸೇರಿತ್ತು. ಮುದುಕಿ ನಡೆದೇ ಊರು ಮುಟ್ಟಿದಳು. ಮೊಳಕಾಲು ಬಾತು ಕುಂಬಳಕಾಯಿಯಾದವು. ಸುದ್ದಿ ಕೇಳಿ ಮೆಹನಾಜ ನನ್ನ ಜೊತೆ ಯಾವಗಲ್ಲಿಗೆ ಬಂದಳು. ಉಪ್ಪು ಬಿಸಿಮಾಡಿ ಶಾಖ ಕೊಟ್ಟಳು.

"ಹಿಂಗಾದ್ರ ನಾ ಹೊಲದ ಕೆಲಸ ಬಿಡಬೇಕಾಕ್ಕೈತಿ ನೋಡವಾ," ಅಂದಳು ಅಡಿವೆವ್ವ. "ಮನ್ಯಾಗ ಕುಂತು ಸೊಸಿ ಮಾರಿ ನೋಡೂದು ನನಗ ಆಗೂದಿಲ್ಲ. ಆಕಿಗೂ ಆಗೂದಿಲ್ಲ."

"ನನ್ನ ಕೌದಿನ ಅದನ್ನ ಸುಟ್ಟಿದ್ದು, ಆಯಿ," ಅಂದಳು ಮೆಹನಾಜ. "ನೀ ಮನ್ಯಾಗ ಕುಂಡ್ರಂಗಿಲ್ಲ. ನಾ ಕುಂಡ್ರಸಂಗಿಲ್ಲ."

ದಿಲಾವರನ ತಮ್ಮ ವಸೀಮನಿಗೆ ಗಜೇಂದ್ರಗಡದಲ್ಲಿ ಸಿಡಿ ಅಂಗಡಿ. ಅವನು ಹೊಸ ಸೆಟ್ ತಂದು ಕೂರಿಸಿದ. ನೀಲಿ ದೀಪ ಮಿಣಮಿಣ ಅನ್ನುವಂಥದ್ದು.

"ಆ ಹೆಣ ಎಸದಬಿಡ, ಭೈಯಾ. ಇದರ ಆವಾಜ್ ಎಷ್ಟ ಸಾಫ್ ಐತಿ ಕೇಳ!"

ಸಾಫ್ ಏನೋ ಇತ್ತು. ಸಂಜೆ ನಾವೆಲ್ಲ ಅದನ್ನು ಹಚ್ಚಿಕೊಂಡು ಹೊರಟೆವು. ಹಳ್ಳ ದಾಟಿತು, ಹೊಲ ಬಂತು. ಹೊಲದಲ್ಲಿ ಒಂದು ತಲೆಯೂ ಮೇಲೇಳಲಿಲ್ಲ. ದಿಲಾವರ ಗಾಡಿ ನಿಲ್ಲಿಸಿ ಕೈಬೀಸಿ ಕರೆಯಬೇಕಾಯಿತು. ಹೊನ್ನವ್ವ ಎಂಬ ಹೆಣ್ಣುಮಗಳು ಓಡಿಬಂದು ಬೈದಳು: "ಇದು ನಿನ್ನ ಗಾಡೀ ಏನೋ? ಯಾರೋ ಪ್ಯಾಟಿಯವರು ಸೊಳ್ಳಿ ಹಿಡಕೊಂಡು ಹೊಂಟಾರ ಅನಕೊಂಡ್ವಿ!"

ಸದ್ದು ಕೇಳಿದ್ದರು, ಗುರುತು ಹಿಡಿಯಲಿಲ್ಲ. ದಿಲಾವರನ ಗಾಡಿ ಅಂದರೆ ಅವರಿಗೆ ಆ ಗೊಗ್ಗರು ದನಿ.

"ನಾಕ ದಿನ ಕೇಳಿದ್ರ ರೂಢಿ ಆಕ್ಕೈತಿ," ಅಂದ ವಸೀಮ.

"ಅಲ್ಲೀತನಕ ಅಡಿವೆವ್ವ ನಡೀಬೇಕೇನು?" ಅಂದಳು ಮೆಹನಾಜ. "ನಡೀರಿ ನರಗುಂದಕ್ಕ."

ನರಗುಂದದಲ್ಲಿ ಮುರ್ತುಜಾಸಾಬ ಎಂಬ ರಿಪೇರಿಯವನಿದ್ದ. ಮಾತಿನಲ್ಲಿ ನನಗೆ ಅಣ್ಣ. ನಾವು ಒಯ್ದ ಸುಟ್ಟ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಮೂಸಿ, ಎದೆ ಮೇಲೆ ಕೈಯಿಟ್ಟುಕೊಂಡ.

"ಇದನ್ನ ನನ್ನ ಹತ್ರ ಯಾಕ ತಂದ್ರಿ? ಕಬರಸ್ತಾನಕ್ಕ ಒಯ್ಯೂದಲ್ಲೇನು?"

"ಆಕ್ಕೈತೋ ಇಲ್ಲೋ?" ಅಂದಳು ಮೆಹನಾಜ.

"ಮಾಡಬೌದು. ಸುಟ್ಟ ಭಾಗ ತಗದು, ಇಂಥಾದ ಇನ್ನೊಂದು ಸತ್ತದ್ದರಿಂದ ಹಾಕಬೇಕು. ಆದ್ರ ಈ ಹಲ್ಲ ಅದಾವಲ್ಲ, ಇವು ಅದರ ಮೂಗು ಇದ್ದಂಗ. ಯಾರೋ ಪುಣ್ಯಾತ್ಮರು ಮೂಗ ಮುಚ್ಚ್ಯಾರ. ಮತ್ತ ಮುಚ್ಚಿದ್ರ ಮತ್ತ ಸುಡತೈತಿ. ಬಯಲಿಗೆ ಬಿಟ್ರ ನಿಮ್ಮ ಕಡೆ ಧೂಳ ಒಳಗ ಹೊಕ್ಕು ತಿಂತೈತಿ. ಅದಕ್ಕ ಹೇಳ್ತೀನಿ, ಹೊಸಾದ ತಗೋರಿ."

ವಸೀಮ ಗೆದ್ದವನಂತೆ ಅಣ್ಣನನ್ನು ನೋಡಿದ. ದಿಲಾವರ ಟೋಪಿ ತೆಗೆದು ತಲೆ ಕೆರೆದುಕೊಂಡ. ನಾನು ಬಾಯಿ ತೆರೆದೆ, ಯಾರೂ ನನ್ನ ಕಡೆ ನೋಡಲಿಲ್ಲ. ಮೆಹನಾಜ ಪೆಟ್ಟಿಗೆಯ ಹಲ್ಲುಗಳ ಮೇಲೆ ಬೆರಳಾಡಿಸುತ್ತಾ ಕೂತಳು.

"ಗಾಡಿ ನಿಂತಾಗ ಮುಚ್ಚಬೌದಲ್ಲ?" ಅಂದಳು.

"ಮುಚ್ಚಬೌದು. ಆದ್ರ ಗಾಡಿ ಚಾಲೂ ಮಾಡುವಾಗ ತಗೀಬೇಕಲ್ಲ. ನಿನ್ನ ಗಂಡಗ ನೆನಪಿರತೈತೇನು?"

"ಇರೂದಿಲ್ಲ," ಅಂದ ದಿಲಾವರ ತಾನೇ. ಆ ವರ್ಷ ಅವನು ತನ್ನಷ್ಟಕ್ಕೆ ಆಡಿದ ಅತಿ ದೊಡ್ಡ ಮಾತು ಅದು.

"ನೆನಪ ನಾ ಹೊಲೀತೀನಿ. ನೀವು ಮಾಡ್ರಿ, ಮಾಮೂ," ಅಂದಳು ಮೆಹನಾಜ.

ಮುರ್ತುಜಾಸಾಬ ಹೇಳಿದ ದಿನ ಹೋದೆವು. ಪೆಟ್ಟಿಗೆಗೆ ಜೀವ ಬಂದಿತ್ತು. ಹಾಡು ಹಚ್ಚಿದ ಕೂಡಲೇ ಅಂಗಡಿಯ ಡಬ್ಬಿಗಳು ಕುಣಿದವು. ಅಡಿಯಲ್ಲಿ ಗುಂಯ್ ಅನ್ನುತ್ತಿತ್ತು.

"ಇದೊಂದು ಖೋಡಿ ಉಳಕೊಂಡೈತಿ," ಅಂದ ಮುರ್ತುಜಾಸಾಬ ಕಾಯಲು ಇಟ್ಟಿದ್ದ ಬೆಸುಗೆಯ ಕಡ್ಡಿ ಎತ್ತಿಕೊಂಡು. "ಈ ಗುಂಯ್ ಸದ್ದ ಈಗ ತಗದಬಿಡ್ತೀನಿ."

"ಅದನ್ನ ಮುಟ್ಟಬ್ಯಾಡ್ರಿ!" ಮೆಹನಾಜ, ದಿಲಾವರ, ನಾನು ಒಟ್ಟಿಗೆ ಕೂಗಿದೆವು. ಪಾಪ, ಕೈಯಲ್ಲಿನ ಕಡ್ಡಿ ಕೆಳಗೆ ಬಿತ್ತು. ತನ್ನ ಜನ್ಮದಲ್ಲಿ ರೋಗವನ್ನು ಉಳಿಸಿರಿ ಎಂದು ಬೇಡಿಕೊಂಡ ಗಿರಾಕಿಗಳು ನಾವೇ ಮೊದಲು ಎಂದ.

ಗಾಡಿಯಲ್ಲಿ ಕೂರಿಸಿದ ಮೇಲೆ ಮೆಹನಾಜ ಚೀಲದಿಂದ ಹೊಸ ಕೌದಿ ತೆಗೆದಳು. ಅದರ ಒಳಮಗ್ಗುಲಿಗೆ ಒಂದು ಪುಟ್ಟ ಕಿಸೆ ಹೊಲಿದಿದ್ದಳು. ಗಾಡಿ ನಿಲ್ಲಿಸಿದಾಗ ಕೀಲಿಕೈ ಆ ಕಿಸೆಗೆ ಹಾಕಿ ಪೆಟ್ಟಿಗೆಗೆ ಹೊದಿಸಬೇಕು. ಮತ್ತೆ ಗಾಡಿ ಹೊರಡಬೇಕೆಂದರೆ ಕೀಲಿಕೈ ಬೇಕು. ಕೀಲಿಕೈ ಬೇಕೆಂದರೆ ಕೌದಿ ತೆಗೆಯಲೇಬೇಕು. ವಸೀಮ ಅದನ್ನು ಎರಡು ಸಲ ತಿರುವಿ ನೋಡಿ, "ಭಾಭೀ, ನನ್ನ ಅಂಗಡಿಗೂ ಒಂದ ಹೊಲಿ," ಅಂದ.

ಅಂದು ಸಂಜೆ ಮೆಹನಾಜ ನನ್ನ ಸೀಟಿನಲ್ಲಿ ಕೂತಳು, ನಾನು ಹಿಂದೆ ಹೋದೆ. ಹಳ್ಳ ಬರುವ ಮೊದಲೇ ಹಾಡು ಹಚ್ಚಿದ ದಿಲಾವರ. ಮೆಹನಾಜ ಒಂದು ಕೈಯನ್ನು ಪೆಟ್ಟಿಗೆಯ ಹಲ್ಲಿನ ಮೇಲೇ ಇಟ್ಟಿದ್ದಳು, ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ. ಕಣ್ಣು ಮಾತ್ರ ಹೊಲದ ಮೇಲೆ. ಮೊದಲ ಹೊಲ ಖಾಲಿ. ಎರಡನೆಯದರಲ್ಲಿ ಒಂದು ಕೆಂಪು ಸೆರಗು ಎದ್ದಿತು, ಆಮೇಲೆ ಇನ್ನೊಂದು, ಆಮೇಲೆ ಸಾಲಾಗಿ ಎಲ್ಲ. ಮುದುಕಿ ಕಾಣಲಿಲ್ಲ. ಮೆಹನಾಜ ಸೀಟಿನಿಂದ ಅರ್ಧ ಎದ್ದಳು.

ತಿರುವು ದಾಟಿದರೆ, ರಸ್ತೆಯ ಅಂಚಿನ ಕಲ್ಲಿನ ಮೇಲೆ ಅಡಿವೆವ್ವ ಆಗಲೇ ಬಂದು ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರೋ?" ಅಂದಳು. "ನಿಮ್ಮ ಎಮ್ಮಿ ದನಿ ಕೇಳಿ ನಾ ಬಂದು ಕುಂತು ಎಷ್ಟೊತ್ತಾತು! ಹಿಡೀರಿ ಕೈ, ನಾಳೆ ಮತ್ತ ಬರೂದೈತಿ."

ಮೆಹನಾಜ ಇಳಿದು ಕೈಹಿಡಿದು ಅವಳನ್ನು ಮುಂದಿನ ಸೀಟಿಗೆ ಹತ್ತಿಸಿದಳು. ದಿಲಾವರ ದನಿ ಇನ್ನಷ್ಟು ಏರಿಸಿದ. ಎಷ್ಟು ಏರಿಸಿದ ಅಂತೀರಿ? ಆ ಹೊತ್ತಿಗೆ ಆಕಾಶದಲ್ಲಿ ಹೊರಟಿದ್ದ ಒಂದು ವಿಮಾನ ತನ್ನ ಇಂಜಿನ್ನೇ ಕೆಟ್ಟಿತೆಂದು ಹೆದರಿ ನೇರವಾಗಿ ನಮ್ಮ...

"ರೀ! ಆ ವಿಮಾನ ಅಲ್ಲೇ ಇಳಸ್ರಿ, ರೊಟ್ಟಿ ಆರಾಕತ್ತಾವು. ಊಟಕ್ಕ ಬರ್ರಿ ಲಗೂ!"

ಬಂದೆ, ರೇಣುಕವ್ವ, ಬಂದೆ.